ಗದ್ದಿಗೆ ಇರುವ ಪಾಲು

ಕುಕ್ಕರ್ ಮೂರು ಸಲ ಕೂಗಿದ ಮೇಲೆ ಮುಚ್ಚಳ ತೆಗೆದರೆ ಮನೆಯೆಲ್ಲ ಹುರುಳಿಯ ವಾಸನೆ. ಚಾಮರಾಜನಗರದ ನಮ್ಮ ಬೀದಿಯಲ್ಲಿ ಹುರುಳಿ ಬಸ್ಸಾರು ಅಂದರೆ ಬಾಯಲ್ಲಿ ನೀರೂರದವರಿಲ್ಲ. ಪಕ್ಕದ ಮನೆಯಾಕೆ ವಾಸನೆ ಹಿಡಿದೇ ಬಟ್ಟಲು ತರುತ್ತಾಳೆ. ನಾನು ಮಾಡುತ್ತೇನೆ, ಬಡಿಸುತ್ತೇನೆ, ನನ್ನ ತಟ್ಟೆಗೆ ಮಾತ್ರ ಮೊಸರು ಹಾಕಿಕೊಂಡು ಉಂಡು ಏಳುತ್ತೇನೆ. ಹೊಟ್ಟೆ ಉಬ್ಬರಿಸುತ್ತದೆ ಅಂತ ಮನೆಯವರಿಗೆ ಸುಳ್ಳು ಹೇಳುತ್ತ ನಾಲ್ಕು ವರ್ಷವಾಯಿತು. ಈ ಹುರುಳಿ ನನ್ನ ಚಿಕ್ಕ ತಮ್ಮ ಮಲ್ಲೇಶನ ಹೊಲದ್ದು. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ತಾಳವಾಡಿ ಬಸ್ಸಿನಲ್ಲಿ ಒಂದು ಚೀಲ ಹಾಕಿ ಕಳಿಸುತ್ತಾನೆ. ಈ ವರ್ಷದ್ದು ಮೊನ್ನೆ ಬಂತು. ಅವನ ಹೊಲದಲ್ಲಿ ಹುರುಳಿ ಬಿಟ್ಟು ಬೇರೇನೂ ಕೈಗೆ ಹತ್ತದ ಹಾಗೆ ಮಾಡಿದವಳು ನಾನು. ಅದನ್ನು ಒಬ್ಬನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಆ ಒಬ್ಬನಿಗೆ ಹೇಳಿದ್ದರಿಂದ ಇನ್ನೊಂದು ತಪ್ಪಾಯಿತು. ಅದನ್ನೂ ಬರೆಯುತ್ತೇನೆ.

ಅಪ್ಪ ತೀರಿಕೊಂಡದ್ದು ಏಳು ವರ್ಷದ ಹಿಂದಿನ ಶ್ರಾವಣದಲ್ಲಿ. ಕೊನೆಯ ಒಂದು ವಾರ ನಾನು ಶಾಲೆಗೆ ರಜೆ ಹಾಕಿ ಊರಿನಲ್ಲೇ ಇದ್ದೆ. ಊರು ಅಂದರೆ ತಮಿಳುನಾಡಿಗೆ ಸೇರಿದ ತಾಳವಾಡಿಯಿಂದ ಹಾಸನೂರಿನ ಕಡೆ ಹೋಗುವ ದಾರಿಯಲ್ಲಿ, ಕಾಡಿಗೆ ಬೆನ್ನು ಕೊಟ್ಟು ಕೂತ ನಲವತ್ತು ಮನೆಯ ಹಳ್ಳಿ. ಅಪ್ಪನಿಗೆ ನಾವು ಮೂವರು ಮಕ್ಕಳು. ನಾನು ದೊಡ್ಡವಳು, ಮದುವೆಯಾಗಿ ಚಾಮರಾಜನಗರ ಸೇರಿ ಅಲ್ಲೇ ಟೀಚರ್ ಆದವಳು. ನನ್ನ ನಂತರ ನಂಜಪ್ಪ, ಅವನಾದ ಆರು ವರ್ಷಕ್ಕೆ ಮಲ್ಲೇಶ. ಒಂದು ಮಧ್ಯಾಹ್ನ ತಮ್ಮಂದಿರಿಬ್ಬರೂ ಹೊಲಕ್ಕೆ ಹೋಗಿದ್ದಾಗ ಅಪ್ಪ ನನ್ನ ಕೈ ಹಿಡಿದುಕೊಂಡ.

"ಪಕ್ಕದ್ ಮನೆಯವ್ರಂಗಾಗ್ಬಾರ್ದು ಕಣವ್ವ ನನ್ ಮಕ್ಳು. ನೀನೇ ನಿಂತ್ಕಂಡು ಪಾಲು ಮಾಡ್ಬುಡು. ಜಗ್ಳ ಒಂದು ಬರ್ಕೂಡ್ದು."

ಪಕ್ಕದ ಮನೆಯ ಅಣ್ಣತಮ್ಮಂದಿರು ಪಡಸಾಲೆಯ ನಡುವೆ ಗೋಡೆ ಎತ್ತಿದ್ದರು. ಹಾಗಾಗಿ ಬಾಗಿಲು ಎರಡಾಗಿತ್ತು. ಅವರ ತಾಯಿ ಸತ್ತ ದಿನ ಹೆಣ ಯಾರ ಬಾಗಿಲಿಂದ ಹೊರಗೆ ಹೋಗಬೇಕು ಅಂತ ಅರ್ಧ ದಿನ ಕಿತ್ತಾಡಿದರು. ನಾವೆಲ್ಲ ಬೀದಿಯಲ್ಲಿ ನಿಂತು ನೋಡಿದ್ದೆವು. ಆ ನೋಟ ಅಪ್ಪನ ಎದೆಯಲ್ಲಿ ಕೂತಿತ್ತು, ನನ್ನ ಎದೆಯಲ್ಲೂ ಕೂತಿತ್ತು. ನಾನು ಮಾತು ಕೊಟ್ಟೆ. ಮಾತು ಕೊಡುವಾಗ ಅಪ್ಪನಿಗಾಗಿ ಕೊಟ್ಟೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದು ಬೇಕಿತ್ತು. ತಮ್ಮಂದಿರು ಒಡೆದುಹೋದರೆ ಹೆಣ್ಣುಮಗಳಿಗೆ ತವರೂ ಒಡೆದಂತೆಯೇ. ಒಬ್ಬನ ಮನೆಯಲ್ಲಿ ಉಂಡರೆ ಇನ್ನೊಬ್ಬ ಮುಖ ತಿರುಗಿಸುತ್ತಾನೆ. ಗೌರಿ ಹಬ್ಬದ ಬಾಗಿನ ಯಾವ ಹೊಸ್ತಿಲಲ್ಲಿ ನಿಂತು ತಗೊಳ್ಳಬೇಕು ಅನ್ನುವ ಚಿಂತೆ ಶುರುವಾಗುತ್ತದೆ. ನನಗೆ ಎರಡು ಬಾಗಿಲೂ ತೆರೆದಿರಬೇಕಿತ್ತು.

ನಂಜಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದಿದವರು ಅವನನ್ನೇ ಬೈದು ನನ್ನನ್ನು ಬಿಟ್ಟುಬಿಡುತ್ತಾರೆ. ಹದಿನಾಲ್ಕಕ್ಕೇ ಓದು ಬಿಟ್ಟು ಅಪ್ಪನ ಜೊತೆ ನೇಗಿಲು ಹಿಡಿದವನು. ಕೆಳಗಿನ ಹೊಲದಲ್ಲಿ ಬೋರ್ ಕೊರೆಸಿದಾಗ ಮೂರು ದಿನ ಲಾರಿಯ ಮುಂದೆ ನಿಂತು ಧೂಳು ಕುಡಿದವನು ಅವನೇ. ಮನೆಗೆ ಬಂದವರಿಗೆ ಉಣ್ಣಿಸದೆ ಕಳಿಸುವವನಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಒಮ್ಮೆ ಬದುವಿನ ಒಂದು ಮೊಳ ಜಾಗಕ್ಕೆ ಯಾರದೋ ಮೇಲೆ ಮಚ್ಚು ಎತ್ತಿಕೊಂಡು ಹೋಗಿದ್ದ, ಹತ್ತು ಜನ ಹಿಡಿದು ತಂದರು. ಮಲ್ಲೇಶ ಪಿಯುಸಿ ಓದಿ ತಾಳವಾಡಿಯ ಒಂದು ಗೊಬ್ಬರದಂಗಡಿಯಲ್ಲಿ ಕೆಲವು ವರ್ಷ ಇದ್ದು, ಅವ್ವನಿಗೆ ಹುಷಾರಿಲ್ಲದಾಗ ಊರಿಗೆ ಬಂದು ನಿಂತವನು. ಅವ್ವನಿಗೆ ತಲೆ ಬಾಚಿ ಉಣ್ಣಿಸಿದವನು ಅವನು, ಮಗಳಾದ ನಾನಲ್ಲ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ನಮ್ಮ ಕಡೆ ಪಾಲಿಗೆ ಒಂದು ಕ್ರಮವಿದೆ. ಹಿರಿಯರು ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಮಾಡಿದವನಿಗೆ ಮೋಸ ಮಾಡಲು ಆಸೆ ಹುಟ್ಟಬಾರದು ಅಂತಲೇ ಆ ಕ್ರಮ. ನಂಜಪ್ಪ ಪಾಲು ಮಾಡಿದರೆ ಮಲ್ಲೇಶನ ಹೆಂಡತಿ ಸರೋಜ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ನಾನು ನಡುವೆ ಬಂದೆ. "ನನಗೆ ಒಂದು ಹಿಡಿ ಮಣ್ಣೂ ಬೇಡ, ನನ್ನ ಪಾಲನ್ನು ಬಿಟ್ಟು ಸಹಿ ಹಾಕುತ್ತೇನೆ, ಪಾಲು ನಾನು ಮಾಡುತ್ತೇನೆ" ಅಂದೆ. ಇಬ್ಬರೂ ತಕ್ಷಣ ಒಪ್ಪಿದರು. ಊರಿನವರು ಹೊಗಳಿದರು. ಏನೂ ಬೇಡ ಅಂದವಳ ಮಾತಿಗೆ ಎದುರಾಡುವವರು ಯಾರು? ಆ ಹೊಗಳಿಕೆ ನನಗೆ ಚೆನ್ನಾಗಿ ಹಿಡಿಸಿತ್ತು.

ದೀಪಾವಳಿ ಕಳೆದು, ಒಬ್ಬರ ಮೇಲೊಬ್ಬರು ಸಗಣಿ ಎರಚಾಡುವ ಗುಮಟಾಪುರದ ಸಗಣಿ ಹಬ್ಬದಿಂದ ಗಂಡಸರೆಲ್ಲ ನಗುತ್ತ ಮೈ ತೊಳೆದುಕೊಂಡು ಬಂದ ಮಾರನೇ ವಾರ ನಾನು ಹಗ್ಗ ಹಿಡಿದು ಹೊಲಕ್ಕಿಳಿದೆ. ಬೆಳಿಗ್ಗೆ ಹತ್ತಾದರೂ ಮಂಜು ಬಿಟ್ಟಿರಲಿಲ್ಲ. ಜೊತೆಗೆ ಅಪ್ಪನ ದಾಯಾದಿ ಅಣ್ಣ, ನಾವು ದೊಡ್ಡಯ್ಯ ಅನ್ನುವ ಮುದುಕ. ಜಮೀನು ಎರಡು ತುಂಡು. ಕೆಳಗಿನ ಹೊಲ ರಸ್ತೆಯ ಪಕ್ಕ, ಕಪ್ಪು ಮಣ್ಣು, ಬೋರ್ ಇರುವುದು ಅಲ್ಲಿ. ಆಲೂಗಡ್ಡೆ, ಬೆಳ್ಳುಳ್ಳಿ, ಬಾಳೆ ಏನು ಹಾಕಿದರೂ ಬರುತ್ತದೆ. ಮೇಲಿನ ಹೊಲ ಕಾಡಂಚಿನದು, ಕಲ್ಲು ಮಿಶ್ರಿತ ಕೆಂಪು ಮಣ್ಣು, ಮಳೆ ನಂಬಿದ್ದು. ಅದರಾಚೆ ಆನೆ ಕಂದಕ. ಕಂದಕ ಎಲ್ಲಿ ಕುಸಿದಿದೆ ಅಂತ ಆನೆಗೆ ಅರಣ್ಯದವರಿಗಿಂತ ಚೆನ್ನಾಗಿ ಗೊತ್ತು. ಆ ಮೇಲಿನ ಹೊಲದ ಮೂಲೆಯಲ್ಲಿ, ಹೊಂಗೆ ಮರದಡಿ ಅವ್ವನ ಗದ್ದಿಗೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿ ಮೇಲೆ ಗದ್ದಿಗೆ ಕಟ್ಟುತ್ತೇವೆ. ಶ್ರಾವಣದಲ್ಲಿ ಅಪ್ಪನನ್ನೂ ಅವಳ ಪಕ್ಕದಲ್ಲೇ ಕೂರಿಸಿದ್ದೆವು. ಅವನ ಮೇಲಿನ ಮಣ್ಣು ಇನ್ನೂ ಇಳಿದಿರಲಿಲ್ಲ.

ದೊಡ್ಡಯ್ಯ ಎರಡು ಹೊಲವನ್ನೂ ನೋಡಿ ಸರಳವಾಗಿ ಹೇಳಿದ. "ಮ್ಯಾಲಿಂದ್ರಲ್ಲಿ ಅರ್ಧ, ಕೆಳಗಿಂದ್ರಲ್ಲಿ ಅರ್ಧ ಸೀಳ್ಬುಡವ್ವ. ಇಬ್ರುಗೂ ನೀರು, ಇಬ್ರುಗೂ ಆನೆ."

ನ್ಯಾಯ ಅಂದರೆ ಅದೇ. ಅವನು ಹೇಳುವ ಮೊದಲೇ ನನಗೂ ಗೊತ್ತಿತ್ತು. ಆದರೆ ಹಿಂದಿನ ದಿನ ನಂಜಪ್ಪ ಊಟದ ತಟ್ಟೆ ತಳ್ಳಿ ಎದ್ದಿದ್ದ. "ಕೆಳಗಿನ್ ಒಲ ತುಂಡಾಕಿದ್ರೆ ನಾ ಸುಮ್ಕಿರಾಕಿಲ್ಲ ಕಣಕ್ಕ. ಆ ಬೋರು ನನ್ ಬೆವ್ರು. ಸತ್ಯಮಂಗಲದ್ ಕೋರ್ಟ್ ಮೆಟ್ಲು ಅತ್ತುದ್ರೂ ಸರಿ, ಇನ್ನೇನಾದ್ರೂ ಸರಿ." ಅವನ ಹೆಂಡತಿ ತಳ್ಳಿದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಸರಿದಳು. ನನಗೆ ಮಚ್ಚಿನ ನೆನಪಾಯಿತು, ಪಕ್ಕದ ಮನೆಯ ಹೆಣದ ನೆನಪಾಯಿತು.

ಆಗ ನಾನು ಲೆಕ್ಕ ಹಾಕಿದ್ದು ಇಷ್ಟೇ. ನಂಜಪ್ಪನಿಗೆ ಬೇಕಾದ್ದು ಸಿಗದಿದ್ದರೆ ಜಗಳ ಗ್ಯಾರಂಟಿ. ಮಲ್ಲೇಶನಿಗೆ ಸಿಗದಿದ್ದರೆ ಜಗಳವಿಲ್ಲ. ಮೊದಲು ಆರಿಸುವವನು ಮಲ್ಲೇಶ. ಅವನಾಗಿಯೇ ಮೇಲಿನ ಹೊಲ ಆರಿಸಿಕೊಂಡರೆ ಯಾರ ಮೇಲೂ ತಪ್ಪು ಬರುವುದಿಲ್ಲ. ಅವನು ಯಾಕೆ ಆರಿಸುತ್ತಾನೆ? ಪ್ರತಿ ಸೋಮವಾರ ಮಿಂದು, ವಿಭೂತಿ ಹಚ್ಚಿಕೊಂಡು, ಎರಡು ಬಿಲ್ವದೆಲೆ ಹಿಡಿದು ಅವ್ವನ ಗದ್ದಿಗೆಗೆ ಹೋಗುವವನು ಅವನೊಬ್ಬನೇ. ದೊಡ್ಡಯ್ಯ ಹೇಳಿದಂತೆ ಸೀಳಿದ್ದರೂ ಗದ್ದಿಗೆಯನ್ನು ಇಬ್ಬರಿಗೂ ಸೇರಿದ್ದು ಅಂತ ಬರೆಯಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಎರಡು ಹೊಲದ ನಡುವಿನ ಬದುವನ್ನೇ ಗಡಿ ಮಾಡಿದೆ. ಕೆಳಗಿನದು ಒಂದು ಪಾಲು. ಗದ್ದಿಗೆಯ ಸಮೇತ ಮೇಲಿನದು, ಅದು ಹೇಗೂ ಅರ್ಧ ಎಕರೆ ದೊಡ್ಡದು, ಜೊತೆಗೆ ತೂಕ ಸರಿಹೋಗಲಿ ಅಂತ ಮನೆಯ ಒಂದು ಹೆಚ್ಚಿನ ಕೋಣೆ, ಇನ್ನೊಂದು ಪಾಲು. ಕಾಗದದ ಮೇಲೆ ನೋಡಿದರೆ ಮಲ್ಲೇಶನಿಗೇ ಲಾಭ ಅನ್ನಿಸಬೇಕು, ಹಾಗೆ ಬರೆದೆ. ಅವ್ವನ ಮೇಲಿನ ಅವನ ಪ್ರೀತಿಯನ್ನು ನಾನು ಗಾಳದ ತುದಿಗೆ ಎರೆಯ ಹಾಗೆ ಸಿಕ್ಕಿಸಿದೆ.

ದೊಡ್ಡಯ್ಯ ಹಗ್ಗ ಸುತ್ತುತ್ತ ನನ್ನ ಮುಖ ನೋಡಿದ. "ನಿಂಗ್ ಗೊತ್ತಿದ್ದೇ ಮಾಡ್ತಾ ಇದ್ದೀಯ?" ಅಂದ. "ಗೊತ್ತಿದ್ದೇ" ಅಂದೆ. ಅವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಸೋಮವಾರವೇ ಆರಿಸುವ ದಿನ ಇಟ್ಟೆ. ಅದೂ ಬೇಕೆಂದೇ. ಮಲ್ಲೇಶ ಗದ್ದಿಗೆಗೆ ಹೋಗಿ ಬಂದು ಹಣೆಯ ವಿಭೂತಿ ಹಸಿಯಿರುವಾಗಲೇ ಚಾಪೆಯ ಮೇಲೆ ಕೂತ. ನಾನು ಎರಡು ಪಟ್ಟಿಯನ್ನೂ ಶಾಲೆಯ ಪಾಠದ ಹಾಗೆ ಸ್ಪಷ್ಟವಾಗಿ ಓದಿದೆ. "ಅವ್ವ ಅಪ್ಪನ ಗದ್ದಿಗೆ" ಅನ್ನುವಲ್ಲಿ ಸ್ವಲ್ಪ ನಿಲ್ಲಿಸಿದೆ. ಸರೋಜ ಅವನ ಹಿಂದೆ ಕೂತು ಅಂಗಿ ಎಳೆದಳು. "ಕೆಳಗಿಂದು ಕೇಳಿ, ನೀರದ" ಅಂತ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ನಂಜಪ್ಪ ಗೋಡೆ ನೋಡುತ್ತಿದ್ದ, ಕತ್ತಿನ ನರ ಉಬ್ಬಿತ್ತು. ಮಲ್ಲೇಶ ಎದ್ದ. ಹೋಗಿ ಅಪ್ಪನ ಫೋಟೋಗೆ ಕೈ ಮುಗಿದ.

"ಗದ್ಗೆ ಕಡಿಕಿಂದು ನಂಗಿರ್ಲಿ ಕಣಕ್ಕ."

ನಂಜಪ್ಪ ದಡಕ್ಕನೆ ಎದ್ದು ತಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಆ ಅಳು ಸುಳ್ಳಲ್ಲ. ಸರೋಜ ಮಾತ್ರ ಎದ್ದು ಒಳಗೆ ಹೋದಳು. ನಾನು ಕಾಯಿ ಒಡೆದೆ. ನನ್ನ ಎದೆ ಹಗುರಾಗಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಎದೆ ಹಗುರಾಗಿತ್ತು.

ಮುಂದಿನ ವಾರ ತಾಳವಾಡಿಯಲ್ಲಿ ಪತ್ರ. ನಮ್ಮ ಮನೆಯಲ್ಲಿ ಪಟ್ಟಿ ಕನ್ನಡದಲ್ಲಿ ಬರೆದರೂ ನೋಂದಣಿಯಾಗುವುದು ತಮಿಳಿನಲ್ಲಿ. ಪತ್ರ ಬರೆಯುವವನು ನನ್ನ ಹಾಳೆ ನೋಡಿಕೊಂಡು ತಮಿಳಿಗೆ ಇಳಿಸುತ್ತಿದ್ದವನು ಬೋರಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದ. "ಅಮ್ಮಾ, ತಣ್ಣಿ ಪತ್ತಿ ಎಳುದಣುಮಾ?" ಅಂತ ಕೇಳಿದ. ಮೇಲಿನ ಹೊಲಕ್ಕೆ ನೀರಿನ ಹಕ್ಕು ಬರೆಯಬೇಕಾ ಅಂತ ಅವನ ಪ್ರಶ್ನೆ. ಅದು ಅವನ ದಿನನಿತ್ಯದ ಕೆಲಸ, ನೀರಿನ ವಿಷಯ ಬರೆಯದ ಪಾಲು ಏನಾಗುತ್ತದೆ ಅಂತ ಅವನಿಗೆ ಗೊತ್ತು. ಬಸ್ಸಿನಲ್ಲಿ ಬರುವಾಗ ನಂಜಪ್ಪ ಹೇಳಿದ್ದ, "ನೀರ್ ಮಾತು ಕಾಗ್ದದಲ್ಲಿ ಬ್ಯಾಡ ಕಣಕ್ಕ, ತಮ್ಮನ್ಗ ನಾ ಕೊಡ್ದೆ ಓದೇನಾ?" ನಾನು ಪತ್ರದವನಿಗೆ "ವೇಂಡಾಂ" ಅಂದೆ. ಬೇಡ. ಮಲ್ಲೇಶ ನನ್ನ ಪಕ್ಕದಲ್ಲೇ ನಿಂತಿದ್ದ. ಈ ಬೆಟ್ಟದಲ್ಲಿ ತಮಿಳು ಯಾರಿಗೆ ಬರುವುದಿಲ್ಲ? ಅವನು ನನ್ನ ಕಡೆ ಒಮ್ಮೆ ತಿರುಗಿದ, ಮತ್ತೆ ಹೊರಗೆ ನಿಂತಿದ್ದ ಬಸ್ಸಿನ ಕಡೆ ನೋಡಿದ. ನಾನೂ ನನ್ನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಚೆಂದದ ಅಕ್ಷರದಲ್ಲಿ ಸಹಿ ಹಾಕಿದೆ.

ಆ ಸಂಕ್ರಾಂತಿಗೆ ನನಗೆ ಎರಡು ಮನೆಯಲ್ಲೂ ಸೀರೆ. ಸುತ್ತಿನ ಹಳ್ಳಿಯಲ್ಲೆಲ್ಲ ನಮ್ಮ ಮನೆಯ ಪಾಲಿನದೇ ಮಾತು. ಒಂದು ಮಾತು ಜೋರಾಗದೆ ಪಾಲಾದ ಮನೆ ಅಂತ. ಬೇರೆ ಊರಿನವರು ಕೂಡ ಬಂದು ನಮ್ಮಲ್ಲೂ ಒಂದು ಪಾಲು ಮಾಡಿಕೊಡಿ ಟೀಚರಮ್ಮ ಅಂದರು. ನಾನು ಬಿಗುಮಾನದಿಂದ ನಕ್ಕು ಕಳಿಸಿದೆ.

ಮೊದಲ ಬೇಸಿಗೆಯಲ್ಲಿ ನಂಜಪ್ಪ ಮಲ್ಲೇಶನ ಹೊಲಕ್ಕೆ ಎರಡು ಸಲ ಪೈಪಿನಲ್ಲಿ ನೀರು ಬಿಟ್ಟ. ಮೂರನೇ ಸಲಕ್ಕೆ ಅವನ ಬಾಳೆಗೇ ಸಾಲುತ್ತಿಲ್ಲ ಅಂದ. ಅದೂ ನಿಜವೇ ಇರಬೇಕು. ಮಲ್ಲೇಶ ರಾಗಿ ಹಾಕಿದ, ತೆನೆ ಕಟ್ಟುವ ಹೊತ್ತಿಗೆ ಆನೆ ಬಂದು ತುಳಿದು ಹೋಯಿತು. ಮರುವರ್ಷ ಜೋಳ ಹಾಕಿದ, ಅದೂ ಅಷ್ಟೇ. ಆಮೇಲೆ ಹುರುಳಿ. ಹುರುಳಿಗೆ ನೀರು ಬೇಡ, ಆನೆಗೂ ಅದರ ಮೇಲೆ ಅಂಥ ಆಸೆ ಇಲ್ಲ.

ಮೂರನೇ ವರ್ಷ ಊರಿಗೆ ಹೋಗಿದ್ದಾಗ ಬಸ್ಸಿಳಿದು ಕೆಳಗಿನ ಹೊಲದ ಪಕ್ಕ ನಡೆದು ಬರುತ್ತಿದ್ದೆ. ನಂಜಪ್ಪನ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ಕೂಲಿಗೆ ಬಂದ ಹೆಂಗಸರ ನಡುವೆ ತಲೆಗೆ ಟವೆಲ್ ಸುತ್ತಿಕೊಂಡು ಬಗ್ಗಿದ್ದವನು ಮಲ್ಲೇಶ. ನಂಜಪ್ಪ ನನ್ನನ್ನು ನೋಡಿ ಖುಷಿಯಿಂದ ಕೂಗಿದ. "ನೋಡಕ್ಕ, ನಮ್ ಮಲ್ಲೇಶ ಕೈ ಜೋಡ್ಸಕ್ ಬಂದವ್ನೆ!" ಸಂಜೆ ಬಟವಾಡೆಗೆ ಮನೆಯ ಮುಂದೆ ಆಳುಗಳ ಸಾಲು ನಿಂತಿತು. ಕೊನೆಯಲ್ಲಿ, ಎಲ್ಲರಿಗಿಂತ ಹಿಂದೆ, ಮಲ್ಲೇಶನೂ ನಿಂತಿದ್ದ. ನಾನು ನಂಜಪ್ಪನ ಜಗುಲಿಯಿಂದ ನೋಡಿ ಒಳಗೆ ಹೋದೆ. ಅಪ್ಪನ ಹೊಲದಲ್ಲಿ ದುಡಿದು ಅಪ್ಪನ ಮಗ ಕೂಲಿಗೆ ಕೈ ಚಾಚುತ್ತಿದ್ದ. ಅವತ್ತೇ ನಂಜಪ್ಪನ ಹತ್ತಿರ ಮಾತಾಡಬೇಕಿತ್ತು. ಮಾತಾಡಿದರೆ ಜಗಳವಾಗುತ್ತದೆ, ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯುತ್ತಿತ್ತು. ಉಂಡೆ. ಹೀಗೆ ಇನ್ನೂ ನಾಲ್ಕು ವರ್ಷ ಉಂಡೆ.

ಕಳೆದ ಕಾರ್ತೀಕದಲ್ಲಿ ಮಲ್ಲೇಶ ಫೋನ್ ಮಾಡಿ ಬರಹೇಳಿದ. ಅವನಿಗೆ ಮಗಳೊಬ್ಬಳು, ಮಗನೊಬ್ಬ. ಮಗಳದು ಬಾಯಿ ಜೋರು, ಮಗ ಅಪ್ಪನ ಹಾಗೆ ಮೌನಿ. ತಾನು ಗಟ್ಟಿಯಾಗಿರುವಾಗಲೇ ಇಬ್ಬರಿಗೂ ಸಮನಾಗಿ ಬರೆದಿಡಬೇಕು, ಪಟ್ಟಿ ನೀನೇ ಬರೆದುಕೊಡು ಅಂದ. ಮಧ್ಯಾಹ್ನ ಹೊಂಗೆ ಮರದ ನೆರಳಲ್ಲಿ, ಗದ್ದಿಗೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಹುರುಳಿ ಹೂ ಬಿಟ್ಟಿತ್ತು. ಅವನು ಕೋಲಿನಿಂದ ನೆಲದ ಮೇಲೆ ಗೀಟು ಎಳೆದು ತೋರಿಸಿದ.

"ಇಂಗೆ ಅಡ್ಡಕ್ಕ ಸೀಳು. ಕಾಡಂಚು ಇಬ್ರುಗೂ ಬರ್ಲಿ, ದಾರಿ ಇಬ್ರುಗೂ ಬರ್ಲಿ. ಗದ್ಗೆ ಇಬ್ರದ್ದೂ ಅಂತ ಬರಿ."

ನಾನು ಬರೆಯತೊಡಗಿದೆ. ಅವನು ಮೆತ್ತಗೇ, ಸಿಟ್ಟಿಲ್ಲದೆ, ನೀರು ಕೇಳುವಷ್ಟು ಸಹಜವಾಗಿ ಇನ್ನೊಂದು ಮಾತು ಸೇರಿಸಿದ.

"ನನ್ ಮಕ್ಳಲ್ಲಿ ಯಾರು ಮೆತ್ತಗವ್ರೆ ಅಂತ ನೋಡ್ಬ್ಯಾಡ ಕಣಕ್ಕ."

ಪೆನ್ನು ಅಲ್ಲೇ ನಿಂತಿತು. ಎಷ್ಟು ದಿನದಿಂದ ಗೊತ್ತು ಅಂತ ಕೇಳಿದೆ. "ನೀ ಪಟ್ಟಿ ಓದುವಾಗ್ಲೇ" ಅಂದ. ಮತ್ತೆ ಯಾಕೆ ಕೆಳಗಿನದು ಕೇಳಲಿಲ್ಲ ಅಂದೆ. "ನೀ ಅಷ್ಟೊಂದು ಎದುರ್ಕಂಡಿದ್ದೆ. ಕೇಳಿದ್ರೆ ನಿನ್ ಗತಿ ಏನಾಗ್ತಿತ್ತು?" ಅಂದ. ಅವ್ವ ಅಪ್ಪನ ಗದ್ದಿಗೆಯ ಮುಂದೆ ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಹಿಂದೆ ಸರಿದು ಬೈದ. ದೊಡ್ಡವಳಾಗಿ ಇದೇನು, ಪಟ್ಟಿ ಮುಗಿಸು ಅಂದ.

ಮಾರನೇ ಬೆಳಿಗ್ಗೆ ನಾನು ನಂಜಪ್ಪನ ಜಗುಲಿ ಹತ್ತಿದೆ. ಕಾಫಿ ಮುಟ್ಟಲಿಲ್ಲ. ಅವತ್ತು ಗದ್ದಿಗೆ ತೋರಿಸಿ ಮಲ್ಲೇಶನಿಗೆ ಮೋಸ ಮಾಡಿದವಳು ನಾನು, ಅದು ಸರಿಯಾಗಬೇಕಾದರೆ ವಾರದಲ್ಲಿ ಎರಡು ದಿನದ ನೀರು ಅವನ ಹೊಲಕ್ಕೆ ಅಂತ ಪತ್ರ ಮಾಡಿಕೊಡು ಅಂದೆ. ನಂಜಪ್ಪ ಮೊದಲು ನಕ್ಕ, ಆಮೇಲೆ ಮುಖ ಕಪ್ಪಾಯಿತು.

"ಮೋಸ ಮಾಡ್ದೋಳು ನೀನು, ದಂಡ ನನ್ಗಾ? ಅಂವ ಕೇಳ್ದೆ ಇರಾದ್ನ ನೀ ಯಾಕ್ ಕೇಳ್ತೀಯ? ತಮ್ಮನ್ನ ಎತ್ಕಟ್ಟಕ್ ಬಂದಿದ್ದೀಯ ಈಗ? ಇನ್ ನನ್ ಬಾಗ್ಲು ತುಳೀಬ್ಯಾಡ ಓಗು."

ಅವನ ಮೊದಲ ಪ್ರಶ್ನೆ ನ್ಯಾಯವಾದದ್ದೇ. ಆದರೂ ಮೊದಲ ಸಲ ನಾನೂ ದನಿ ಎತ್ತಿದೆ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ಹೊರಟು ಬಸ್ ಹತ್ತುವಾಗ ಒಂದು ಸಮಾಧಾನವಿತ್ತು. ಈ ಜಗಳ ಏಳು ವರ್ಷದ ಹಿಂದೆ ಆಗಬೇಕಿತ್ತು, ಈಗಲಾದರೂ ಆಯಿತು ಅಂದುಕೊಂಡೆ. ಒಂದು ಬಾಗಿಲು ಮುಚ್ಚಿದರೆ ಮುಚ್ಚಲಿ ಅಂತ ಗಟ್ಟಿ ಮಾಡಿಕೊಂಡೆ.

ಎರಡು ತಿಂಗಳು ನಂಜಪ್ಪ ಫೋನ್ ಎತ್ತಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಮಲ್ಲೇಶನ ಫೋನ್ ಬಂತು. ದನಿಯಲ್ಲಿ ಖುಷಿ.

"ಅಕ್ಕೋ, ಅಣ್ಣ ಒಪ್ಪವ್ನೆ. ನಾಳಿಕ್ ಕರೀತಾನೆ, ಬಂದ್ಬುಡು. ನಾನೇ ಓಗಿ ಏಳ್ದೆ, ನಂಗ್ ನೀರೂ ಬ್ಯಾಡ ಗೀರೂ ಬ್ಯಾಡ, ಬೇಕಾದ್ರೆ ಬರ್ಕೊಡ್ತೀನಿ, ಅಕ್ಕನ್ನ ಕರಿ ಅಂತ. ಬರ್ದೂ ಕೊಟ್ಟೆ. ನಿಂಗೂ ತವ್ರು ಅಂತ ಒಂದು ಬ್ಯಾಡ್ವಾ?"

ಮಾರನೇ ದಿನ ನಂಜಪ್ಪ ಫೋನ್ ಮಾಡಿ ಕರೆದ. ನಾನು ಹೋಗಬಾರದಿತ್ತು, ಹೋದರೆ ಮಲ್ಲೇಶ ನೀರು ಬಿಟ್ಟು ಬರೆದುಕೊಟ್ಟದ್ದಕ್ಕೆ ನಾನೂ ಒಪ್ಪಿದ ಹಾಗೆ. ಹೋದೆ. ನಂಜಪ್ಪನ ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಮಲ್ಲೇಶ ಹೆಗಲಿಗೆ ಟವೆಲ್ ಹಾಕಿಕೊಂಡು ತಾನೇ ಬಡಿಸುತ್ತ ಬಂದ. ನನ್ನ ಎಲೆಯ ಮುಂದೆ ನಿಂತು, ಇನ್ನೊಂದು ಸೌಟು ಹಾಕಲಾ ಅಂತ ಕೇಳಿದ. ನಾನು ಬೇಡ ಅನ್ನಲಿಲ್ಲ.